ತಂತಿಯಿಲ್ಲದ ನೀಲಿ ದೀಪ

ಕಲಬುರಗಿಯ ನಮ್ಮ ಮನೆಯಲ್ಲಿ ಅಜ್ಜಿ ಕೊಳ್ಳಿದೆವ್ವದ ಕಥೆ ಶುರು ಮಾಡಿದರೆ ಮಧ್ಯದಲ್ಲಿ ಎದ್ದು ಹೋಗುತ್ತಿದ್ದವಳು ನಾನೊಬ್ಬಳೇ. ಉಳಿದ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನಗೆ ಹೆದರಿಕೆಗಿಂತ ಬೇಸರ ಹೆಚ್ಚಾಗುತ್ತಿತ್ತು. ಹೈಸ್ಕೂಲಿಗೆ ಬಂದ ಮೇಲಂತೂ ಕೆಸರಿನಲ್ಲಿ ಹುಟ್ಟುವ ಗಾಳಿ ಹೊತ್ತಿಕೊಂಡರೆ ಹಾಗೆ ಕಾಣುತ್ತದೆ ಎಂದು ಅಜ್ಜಿಗೇ ಪಾಠ ಹೇಳಿದ್ದೆ. ಆಕೆ ನಕ್ಕಿದ್ದಳು.

ಮುಂದೆ ನಾನು ಎಲೆಕ್ಟ್ರಿಕಲ್ ಓದಿದೆ. ಕೆಲಸ ಸಿಕ್ಕಿದ್ದು ಹೈದರಾಬಾದಿನಲ್ಲಿ, ವಿಮಾನ ಇಳಿಯುವ ಜಾಗಗಳಿಗೆ ದೀಪ ಹಾಕುವ, ನೆಲದ ಮೇಲೆ ಗುರುತಿನ ಪಟ್ಟೆ ಬರೆಯುವ ಒಂದು ಗುತ್ತಿಗೆ ಕಂಪನಿಯಲ್ಲಿ. ಈ ಕಸುಬಿಗೆ ಬಂದ ಮೇಲೆ ನನ್ನ ಅಪನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ದೀಪ ಉರಿಯಬೇಕಾದರೆ ಕರೆಂಟು ಬೇಕು, ಕರೆಂಟು ಬರಬೇಕಾದರೆ ತಂತಿ ಬೇಕು. ಉರಿಯದ ದೀಪಕ್ಕೆ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ನನ್ನ ಸಂಬಳವೇ ಈ ಮಾತಿನ ಮೇಲೆ ನಿಂತಿತ್ತು. ಇಂದಿಗೂ ಬಹುಮಟ್ಟಿಗೆ ನಾನು ಅದನ್ನೇ ನಂಬುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲದ ಸಂಜೆ ಕಣ್ಣಾರೆ ಕಂಡದ್ದು ಆ ಲೆಕ್ಕದೊಳಗೆ ಕೂರುವುದಿಲ್ಲ. ಅದನ್ನು ಹೆಚ್ಚು ಜನರ ಮುಂದೆ ಹೇಳಿಲ್ಲ. ಹೇಳಿದಾಗ ನನ್ನ ಕಸುಬಿನವರು ನಗುತ್ತಾರೆ, ಉಳಿದವರು ಪೂರ್ತಿ ಕೇಳುವ ಮೊದಲೇ ನಂಬಿಬಿಡುತ್ತಾರೆ. ಎರಡೂ ನನಗೆ ಕಿರಿಕಿರಿ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ಆಗ ನಾವು ಕೆಲಸ ಮಾಡುತ್ತಿದ್ದದ್ದು ಊರ ಹೊರಗಿನ ಒಂದು ಸಣ್ಣ ವಿಮಾನಾಂಗಣದಲ್ಲಿ. ಹೆಸರು ಬೇಡ. ಜನರು ಟಿಕೆಟ್ ಕೊಂಡು ಹತ್ತುವ ದೊಡ್ಡ ನಿಲ್ದಾಣವಲ್ಲ. ತರಬೇತಿಯ ವಿಮಾನಗಳು, ನಾಲ್ಕಾರು ಜನ ಕೂರುವ ಸಣ್ಣ ವಿಮಾನಗಳು ಬಂದು ಹೋಗುವ ಜಾಗ. ಒಂದು ರನ್‌ವೇ, ಅದರ ಮಗ್ಗುಲಲ್ಲಿ ಒಂದು ಕಂಟ್ರೋಲ್ ಟವರ್, ಸುತ್ತ ಹುಲ್ಲುಗಾವಲು. ರನ್‌ವೇಯಿಂದ ವಿಮಾನ ಆಚೆ ಬಂದು ನಿಲ್ಲುವ ಜಾಗಕ್ಕೆ ಹೋಗಲು ಇರುವ ದಾರಿಗೆ ಟ್ಯಾಕ್ಸಿವೇ ಎನ್ನುತ್ತಾರೆ. ರನ್‌ವೇಯ ಅಂಚಿನ ದೀಪಗಳು ಬಿಳಿ, ಟ್ಯಾಕ್ಸಿವೇಯ ಅಂಚಿನವು ನೀಲಿ. ಮೊಣಕಾಲೆತ್ತರದ ಕಂಬದ ಮೇಲೆ ಬೋರಲು ಹಾಕಿದ ಲೋಟದಂಥ ನೀಲಿ ಗಾಜು. ಸಂಜೆ ಹೊತ್ತಿನಲ್ಲಿ ಅವು ಸಾಲಾಗಿ ಹತ್ತಿಕೊಂಡರೆ ನೋಡಲು ಚೆಂದ.

ಅಲ್ಲಿ ಎರಡು ಟ್ಯಾಕ್ಸಿವೇಗಳಿದ್ದವು. ಹಳೆಯದರ ನೆಲ ಬಿರುಕು ಬಿಟ್ಟಿದ್ದರಿಂದ ಅದನ್ನು ಬಂದ್ ಮಾಡಿ, ಮೇಲೆ ಹಳದಿ ಬಣ್ಣದಲ್ಲಿ ದೊಡ್ಡ ಅಡ್ಡಗೆರೆಗಳ ಗುರುತು ಬರೆದಿದ್ದೆವು. ಅದರ ನೀಲಿ ದೀಪಗಳಿಗೆ ಹೋಗುತ್ತಿದ್ದ ಕೇಬಲನ್ನು ಆ ಬೇಸಿಗೆಯಲ್ಲೇ ಕಿತ್ತು ಹಾಕಿದ್ದೆವು. ಇದನ್ನು ಒತ್ತಿ ಹೇಳುತ್ತೇನೆ. ಸ್ವಿಚ್ ಆರಿಸಿದ್ದಲ್ಲ, ತುದಿ ಬಿಚ್ಚಿದ್ದಲ್ಲ. ನಾನೂ ನಮ್ಮ ಎಲೆಕ್ಟ್ರಿಷಿಯನ್ ಯಾದಗಿರಿಯೂ ನಿಂತು, ಕೂಲಿಯವರಿಂದ ಮಣ್ಣು ಅಗೆಸಿ, ಉದ್ದಕ್ಕೂ ಕೇಬಲ್ ಎಳೆಸಿ, ಸುರುಳಿ ಸುತ್ತಿ ಲಾರಿಗೆ ಹಾಕಿಸಿದ್ದೆವು. ದೀಪಗಳ ಕಂಬಗಳು ಮಾತ್ರ ಉಳಿದುಕೊಂಡಿದ್ದವು. ಗೋದಾಮಿನಲ್ಲಿ ಇಡಲು ಜಾಗವಿಲ್ಲ, ಆಮೇಲೆ ಕೀಳಿಸೋಣ ಎಂದು ಯಾರೋ ಹೇಳಿದ್ದರು. ಮಳೆಗಾಲದಲ್ಲಿ ಹುಲ್ಲು ಬೆಳೆದು ಅವುಗಳ ಕುತ್ತಿಗೆಯವರೆಗೆ ಬಂದಿತ್ತು.

ಯಾದಗಿರಿ ಎಂದರೆ ಇಲ್ಲಿ ಊರಲ್ಲ, ಮನುಷ್ಯ. ತೆಲಂಗಾಣದ ಕಡೆ ಆ ಹೆಸರು ಸಾಮಾನ್ಯ. ತಮಾಷೆಯೆಂದರೆ ಬಣ್ಣ ಬಳಿಯುವ ನಮ್ಮ ತಂಡದವರೆಲ್ಲ ನಿಜವಾದ ಯಾದಗಿರಿಯ ಕಡೆಯವರು, ಶಹಾಪುರದ ಆಚೀಚೆಯ ಹಳ್ಳಿಗಳವರು. ಮೇಸ್ತ್ರಿ ಮಲ್ಲಪ್ಪ ಅವರನ್ನು ಕರೆತಂದಿದ್ದ. ನಾನು ಕನ್ನಡದವಳು ಎಂದು ಗೊತ್ತಾದ ದಿನದಿಂದ ಹೆಂಗಸರಿಗೆ ನಾನು 'ಮೇಡಂ' ಹೋಗಿ 'ಅಕ್ಕಾರ' ಆಗಿದ್ದೆ. ಮನೆಯಲ್ಲಿ ಅತ್ತೆಯ ಜೊತೆ ತೆಲುಗು, ಆಫೀಸಿನಲ್ಲಿ ಹಿಂದಿ. ಕನ್ನಡ ಆಡಲು ನನಗೆ ಸಿಗುತ್ತಿದ್ದವರು ಅವರೇ. ಮಧ್ಯಾಹ್ನದ ಡಬ್ಬಿಯನ್ನು ತಾರ್ನಾಕದ ಮನೆಯಿಂದ ಹೊತ್ತು ಬಂದು ಅವರ ಜೊತೆಯೇ ಕೂತು ಉಣ್ಣುತ್ತಿದ್ದೆ.

ಅವರಲ್ಲಿ ಮಹಾದೇವಿ ಎಂಬವಳು ತುಸು ಬೇರೆ. ಮೂವತ್ತರ ಒಳಗಿನ ಹೆಂಗಸು. ಗಂಡ ಸತ್ತ ಮೇಲೆ ಮಗಳನ್ನು ತವರಿನಲ್ಲಿ ಬಿಟ್ಟು, ನಾದಿನಿ ಶರಣಮ್ಮನ ಜೊತೆ ಕೆಲಸಕ್ಕೆ ಬಂದಿದ್ದಳು. ಹಸಿ ಬಣ್ಣದ ಮೇಲೆ ಸಣ್ಣ ಗಾಜಿನ ಮಣಿಪುಡಿ ಉದುರಿಸುವುದು ಅವಳ ಕೆಲಸ. ಆ ಪುಡಿ ಬಣ್ಣದಲ್ಲಿ ಕಚ್ಚಿಕೊಂಡರೆ ವಿಮಾನದ ದೀಪ ಬಿದ್ದಾಗ ಪಟ್ಟೆ ಹೊಳೆಯುತ್ತದೆ. ಮಹಾದೇವಿ ಬೀಜ ಬಿತ್ತುವ ಹಾಗೆ ಅಳತೆಯಲ್ಲಿ ಕೈ ಬೀಸುತ್ತಿದ್ದಳು. ಒಂದು ದಿನ ಕೆಲಸ ನಿಲ್ಲಿಸಿ ನನ್ನನ್ನು ಕೇಳಿದ್ದಳು:

"ಅಕ್ಕಾರ, ಮ್ಯಾಲಿಂದ ನೋಡಿದ್ರ ಗೆರಿ ಸೊಟ್ಟ ಆಗಿದ್ದು ಕಾಣತೈತೇನ್ರಿ?"

ಕಾಣುತ್ತದೆ ಎಂದೆ. "ಹಂಗಾರ ಮಲ್ಲಪ್ಪಗ ಹೇಳ್ರಿ, ಆ ಕಡೀದು ಸೊಟ್ಟ ಐತಿ" ಎಂದಳು. ಅಳೆದು ನೋಡಿದರೆ ಗೆರೆ ನೆಟ್ಟಗೇ ಇತ್ತು. ಎರಡು ದಿನ ಎಲ್ಲರೂ ಅವಳನ್ನು ಕಾಡಿಸಿದರು, ಅವಳು ಮಾತ್ರ ಸೊಟ್ಟನ ಐತಿ ಎನ್ನುತ್ತಿದ್ದಳು. ಅಷ್ಟು ಹಟದವಳು.

ನಾನು ಹೇಳಹೊರಟ ದಿನ ರನ್‌ವೇಯನ್ನು ಮಧ್ಯಾಹ್ನದಿಂದ ಕತ್ತಲಾಗುವವರೆಗೆ ನಮಗೆ ಬಿಟ್ಟುಕೊಟ್ಟಿದ್ದರು. ತುದಿಯ ಬಿಳಿ ಪಟ್ಟೆಗಳಿಗೆ ಹೊಸದಾಗಿ ಬಣ್ಣ ಬಳಿಯಬೇಕು, ಅಂಚಿನ ದೀಪಗಳನ್ನು ಬದಲಿಸಿ ಸಂಜೆಗೆ ಉರಿಸಿ ನೋಡಬೇಕು. ಬಣ್ಣದ ಕೆಲಸ ಬಿಸಿಲಿರುವಾಗಲೇ ಮುಗಿಯಿತು. ಎಲ್ಲರೂ ಚಹಾ ಕುಡಿದರು. ಮಲ್ಲಪ್ಪ ಅರ್ಧ ಜನರನ್ನು ಮೊದಲ ವ್ಯಾನಿನಲ್ಲಿ ಅವರು ಉಳಿದುಕೊಂಡಿದ್ದ ಶೆಡ್ಡಿಗೆ ಕಳಿಸಿದ. ಉಳಿದವರು ಬಣ್ಣದ ಡಬ್ಬಿ, ಯಂತ್ರ, ಪೊರಕೆ ಎಲ್ಲ ಒಟ್ಟು ಮಾಡುತ್ತಿದ್ದರು. ನಾನೂ ಯಾದಗಿರಿಯೂ ಜೀಪಿನಲ್ಲಿ ರನ್‌ವೇಯ ಉದ್ದಕ್ಕೂ ಓಡಾಡಿ ದೀಪಗಳನ್ನು ನೋಡಿದೆವು. ಎಲ್ಲವೂ ಸರಿಯಾಗಿ ಉರಿಯುತ್ತಿದ್ದವು. ಬಣ್ಣ ಒಣಗಿತ್ತು. ಸೂರ್ಯ ಮುಳುಗಿ ಆಕಾಶದಲ್ಲಿ ಸ್ವಲ್ಪ ಕೆಂಪು ಉಳಿದಿತ್ತು. ಇನ್ನು ಟವರಿಗೆ ವಾಕಿಟಾಕಿಯಲ್ಲಿ 'ರನ್‌ವೇ ಖಾಲಿ' ಎಂದು ಹೇಳಿ ಒಪ್ಪಿಸುವುದೊಂದೇ ಬಾಕಿ.

ಈ ಮಾತು ಹೇಳುವ ಮೊದಲು ಒಳಗೆ ಬಂದ ಪ್ರತಿಯೊಬ್ಬರೂ ಹೊರಗೆ ಹೋಗಿದ್ದಾರೆ ಎಂದು ಖಾತ್ರಿ ಮಾಡಿಕೊಳ್ಳಬೇಕು. ನಾನು ಅದನ್ನೇ ಮಾಡುತ್ತಿದ್ದಾಗ ಶರಣಮ್ಮ ಬಂದು ಮಹಾದೇವಿ ಕಾಣುತ್ತಿಲ್ಲ ಎಂದಳು.

ಮಲ್ಲಪ್ಪನಿಗೆ ಅದೊಂದು ದೊಡ್ಡ ವಿಷಯ ಅನ್ನಿಸಲಿಲ್ಲ. "ಆಕಿ ಮೊದಲನೇ ಗಾಡ್ಯಾಗ ಹೋಗ್ಯಾಳ್ರಿ ಮೇಡಂ. ತಲಿ ನೋಯಾಕತ್ತೈತಿ ಅಂದಿದ್ಲು" ಎಂದ.

ಶರಣಮ್ಮ ಅವನ ಕಡೆ ನೋಡಲೂ ಇಲ್ಲ. ನನಗೇ ಹೇಳಿದಳು: "ಆಕಿ ನನಗ ಹೇಳದ ಎಲ್ಲೂ ಹೋಗಾಕಿ ಅಲ್ರಿ ಅಕ್ಕಾರ. ಆಕೀ ಊಟದ ಡಬ್ಬಿ ಇಲ್ಲೇ ಐತಿ."

ಫೋನ್ ಮಾಡಿ ಕೇಳೋಣವೆಂದರೆ ಕೆಲಸದವರು ಫೋನುಗಳನ್ನೆಲ್ಲ ಶೆಡ್ಡಿನಲ್ಲೇ ಇಟ್ಟು ಬರಬೇಕೆಂಬ ನಿಯಮ. ಮೊದಲ ವ್ಯಾನಿನ ಡ್ರೈವರಿಗೆ ಕರೆ ಮಾಡಿದೆ. ಹಿಂದೆ ಯಾರು ಯಾರು ಕೂತಿದ್ದರೆಂದು ತಾನು ನೋಡಿಲ್ಲ, ಎಲ್ಲರೂ ಇಳಿದು ಬಜಾರಿನ ಕಡೆ ಹೋದರು ಎಂದ. ಅಷ್ಟರಲ್ಲಿ ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಫೋನು. ಹೊತ್ತು ಮೀರುತ್ತಿದೆ, ಸಣ್ಣ ವಿಮಾನವೊಂದು ಇಳಿಯಲು ಬರುತ್ತಿದೆ, ಯಾಕೆ ತಡ ಎಂದರು. ವಿಷಯ ಹೇಳಿದೆ. ಅವಳು ವ್ಯಾನಿನಲ್ಲೇ ಹೋಗಿರುತ್ತಾಳೆ, ನೀವು ರನ್‌ವೇ ಒಪ್ಪಿಸಿ, ಆಮೇಲೆ ಹುಡುಕಿದರಾಯಿತು ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಹತ್ತರಲ್ಲಿ ಒಂಬತ್ತು ಸಲ ಅವರು ಹೇಳಿದ್ದೇ ನಿಜವಾಗುತ್ತಿತ್ತು. ನನಗೂ ಹಾಗೇ ಅನ್ನಿಸಿತ್ತು. ಆದರೆ ಶರಣಮ್ಮ ಡಬ್ಬಿಯನ್ನು ಎದೆಗವಚಿಕೊಂಡು ಎದುರಿಗೆ ನಿಂತಿದ್ದಳು. ಅವಳ ಕಣ್ಣೆದುರು 'ಖಾಲಿ' ಎನ್ನುವ ಮಾತು ಬಾಯಿಗೆ ಬರಲಿಲ್ಲ. ಒಬ್ಬರು ಸಿಕ್ಕಿಲ್ಲ, ರನ್‌ವೇ ಒಪ್ಪಿಸಲಾರೆ ಎಂದು ಟವರಿಗೆ ಹೇಳಿದೆ. ಟವರಿನಲ್ಲಿದ್ದಾತ ಏನೂ ವಾದ ಮಾಡದೆ ಆ ವಿಮಾನವನ್ನು ದೊಡ್ಡ ನಿಲ್ದಾಣಕ್ಕೆ ಕಳಿಸಿದ. ನಾಳೆ ಇದರ ಉತ್ತರ ಕೊಡುವುದು ನನ್ನ ತಲೆಗೇ ಬರುತ್ತದೆಂದು ಗೊತ್ತಿತ್ತು.

ಮಲ್ಲಪ್ಪ ಎರಡು ಮೂರು ಜನರ ಜೊತೆ ಬಣ್ಣ ಬಳಿದ ತುದಿಯ ಕಡೆ ಹುಡುಕಲು ಹೋದ. ಅವಳು ಕೊನೆಗೆ ಕಂಡದ್ದು ಅಲ್ಲೇ. ಆ ಬದಿಯಲ್ಲೊಂದು ಚರಂಡಿಯೂ ಇತ್ತು. ನಾನು, ಯಾದಗಿರಿ, ಶರಣಮ್ಮ ಮೂವರೂ ಜೀಪಿನಲ್ಲಿ ಅದೇ ದಿಕ್ಕಿಗೆ ಹೊರಟೆವು. ಹಳೆಯ ಟ್ಯಾಕ್ಸಿವೇ ಇದ್ದದ್ದು ನಮ್ಮ ಬೆನ್ನ ಹಿಂದೆ, ರನ್‌ವೇಯ ಇನ್ನೊಂದು ಮಗ್ಗುಲಲ್ಲಿ. ಅಲ್ಲಿ ಹುಡುಕಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಲ್ಲಿ ಆ ದಿನ ನಮ್ಮವರಾರಿಗೂ ಕೆಲಸವೇ ಇರಲಿಲ್ಲ.

ಅಷ್ಟರಲ್ಲಿ ಟವರಿನಿಂದ ಮತ್ತೆ ಕರೆ ಬಂತು. ಹಳೆಯ ಟ್ಯಾಕ್ಸಿವೇಯ ದೀಪಗಳನ್ನು ಕಿತ್ತು ಹಾಕಿದ್ದೀರೆಂದು ಹೇಳಿದ್ದಿರಲ್ಲ, ಅಲ್ಲೊಂದು ಉರಿಯುತ್ತಿದೆಯಲ್ಲ, ಅದೂ ಪರೀಕ್ಷೆಯೇ ಎಂದು ಆತ ಕೇಳಿದ. ಆಗಿನಿಂದ ನೋಡುತ್ತಿದ್ದೇನೆ, ನೀವೇ ಹಚ್ಚಿರಬೇಕು ಅಂದುಕೊಂಡೆ ಎಂದೂ ಸೇರಿಸಿದ.

ಜೀಪು ನಿಲ್ಲಿಸಿ ಹಿಂದಕ್ಕೆ ತಿರುಗಿ ನೋಡಿದೆ. ದೂರದಲ್ಲಿ, ಹುಲ್ಲಿನ ಮೇಲೆ, ಒಂದೇ ಒಂದು ನೀಲಿ ದೀಪ.

ನನಗೆ ಆ ಕ್ಷಣ ಹೆದರಿಕೆಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಸಿಟ್ಟು ಬಂತು. ಯಾರೋ ನನಗೆ ತಿಳಿಸದೆ ಅಲ್ಲಿಗೆ ಕರೆಂಟು ಕೊಟ್ಟಿದ್ದಾರೆ, ನೆಲದ ಮೇಲೆ ಎಲ್ಲೋ ಬರಿಯ ತಂತಿ ಬಿದ್ದಿರಬಹುದು, ಕತ್ತಲಲ್ಲಿ ಹುಡುಕುವವರು ಅದನ್ನು ತುಳಿದರೆ ಏನು ಗತಿ ಎಂದುಕೊಂಡೆ. ಯಾದಗಿರಿಯನ್ನು ಕೇಳಿದೆ. ಅವನು ದೀಪದಿಂದ ಕಣ್ಣು ಕೀಳದೆ "ಕೇಬಲೇ ಲೇದು ಮೇಡಂ" ಎಂದ. ಕೇಬಲೇ ಇಲ್ಲ. ಅದು ನನಗೂ ಗೊತ್ತಿತ್ತು. ಅವನ ಜೊತೆ ನಿಂತು ಎಳೆಸಿದವಳು ನಾನೇ ಅಲ್ಲವೇ.

ಪವರ್ ಹೌಸಿನಲ್ಲಿದ್ದ ಆಪರೇಟರನನ್ನು ವಾಕಿಟಾಕಿಯಲ್ಲಿ ಕರೆದು, ಮೈದಾನಕ್ಕೆ ಹೋಗುವ ಎಲ್ಲ ಸರ್ಕಿಟ್ಟುಗಳನ್ನೂ ಆರಿಸಲು ಹೇಳಿದೆ. ವಿಮಾನ ಆಗಲೇ ಬೇರೆ ಕಡೆ ಹೋಗಿದ್ದರಿಂದ ಅದಕ್ಕೆ ಅಡ್ಡಿ ಇರಲಿಲ್ಲ. ಟವರಿನಿಂದಲೂ ಒಪ್ಪಿಗೆ ಪಡೆದೆ. ರನ್‌ವೇಯ ಬಿಳಿ ದೀಪಗಳು ಆರಿದವು. ತುದಿಯ ಹಸಿರು, ಕೆಂಪು ಆರಿದವು. ಹೊಸ ಟ್ಯಾಕ್ಸಿವೇಯ ನೀಲಿ ಸಾಲೂ ಆರಿತು. ಜೀಪಿನ ದೀಪವನ್ನೂ ಆರಿಸಿದೆ. ಮೈದಾನ ಪೂರ್ತಿ ಕತ್ತಲಾಯಿತು.

ಆ ಒಂದು ದೀಪ ಮಾತ್ರ ಹಾಗೇ ಇತ್ತು. ಮಿಣುಕುತ್ತಿರಲಿಲ್ಲ, ಅಲ್ಲಾಡುತ್ತಿರಲಿಲ್ಲ. ಹೆಚ್ಚು ಪ್ರಖರವೂ ಅಲ್ಲ, ಮಂಕೂ ಅಲ್ಲ. ಸರಿಯಾಗಿ ಕರೆಂಟು ಸಿಕ್ಕ ದೀಪ ಹೇಗೆ ಉರಿಯಬೇಕೋ ಹಾಗೆ ಉರಿಯುತ್ತಿತ್ತು. ಅದೇ ನನಗೆ ಹೆಚ್ಚು ವಿಚಿತ್ರವೆನಿಸಿದ್ದು.

ಯಾದಗಿರಿ ಹೋಗುವುದು ಬೇಡವೆಂದ. ಅವನು ಕಂಬ ಹತ್ತಿ ಹೈಟೆನ್ಷನ್ ತಂತಿಯ ಕೆಲಸ ಮಾಡಿ ಬಂದವನು, ಅಂಜುಬುರುಕನಲ್ಲ. ಶರಣಮ್ಮ ಮಾತ್ರ ಜೀಪಿನಿಂದ ಇಳಿದು ದೀಪದ ಕಡೆಗೆ ನಡೆಯತೊಡಗಿದಳು. ಅವಳನ್ನು ಒಬ್ಬಳೇ ಬಿಡುವುದು ಹೇಗೆ? ಕರೆದು ಹತ್ತಿಸಿಕೊಂಡು, ಜೀಪು ತಿರುಗಿಸಿ ರನ್‌ವೇ ದಾಟಿ ಹಳೆಯ ಟ್ಯಾಕ್ಸಿವೇಯವರೆಗೆ ಹೋದೆವು. ಅದರ ಬಾಯಲ್ಲಿ ಜೀಪು ನಿಲ್ಲಿಸಿ ಮತ್ತೆ ಜೀಪಿನ ದೀಪ ಆರಿಸಿದೆ. ನಮ್ಮ ಬೆಳಕೇ ಗಾಜಿಗೆ ಬಡಿದು ಹೊಳೆಯುತ್ತಿರಬಹುದೇ ಎಂದು ನೋಡಬೇಕಿತ್ತು. ಅಲ್ಲ. ಅದು ತಾನಾಗಿಯೇ ಉರಿಯುತ್ತಿತ್ತು. ಅದರ ಸುತ್ತಲಿನ ಹುಲ್ಲಿನ ತುದಿಗಳು ನೀಲಿಯಾಗಿ ಕಾಣುತ್ತಿದ್ದವು. ಅಕ್ಕಪಕ್ಕದ ಕಂಬಗಳು ಕಪ್ಪಗೆ ನಿಂತಿದ್ದವು.

ನಡೆದೇ ಹೋದೆವು. ಬರಿಯ ತಂತಿ ಇದ್ದೀತೆಂದು ನಾನು ಮುಂದೆ ಟಾರ್ಚಿನ ಬೆಳಕನ್ನು ನೆಲಕ್ಕೇ ಹಿಡಿದಿದ್ದೆ. ಇನ್ನು ನಾಲ್ಕು ಹೆಜ್ಜೆ ಹಾಕಿದರೆ ಕೈಗೆ ಸಿಗುತ್ತದೆ ಎನ್ನುವಷ್ಟು ಹತ್ತಿರವಾದಾಗ ದೀಪ ಆರಿತು. ಯಾರೋ ಸ್ವಿಚ್ ಆರಿಸಿದ ಹಾಗೆ, ಒಮ್ಮೆಗೇ. ಮೂವರೂ ನಿಂತುಬಿಟ್ಟೆವು. ಶರಣಮ್ಮ ನನ್ನ ತೋಳು ಹಿಡಿದುಕೊಂಡಳು.

"ಯಾರೋ ನರಳಾಕತ್ಯಾರ್ರಿ."

ಟಾರ್ಚು ತಿರುಗಿಸಿದೆ. ದೀಪದ ಕಂಬದ ಬುಡದಲ್ಲೇ, ಹುಲ್ಲಿನ ನಡುವೆ, ಒಂದು ಕಪ್ಪು ಬಾಯಿ. ಕೇಬಲುಗಳ ಜೋಡಣೆಗೆಂದು ನೆಲದೊಳಗೆ ಕಟ್ಟಿದ ಗುಂಡಿ ಅದು, ಆಳಕ್ಕೆ ಒಬ್ಬ ಮನುಷ್ಯ ನಿಲ್ಲಬಹುದು. ಬೇಸಿಗೆಯಲ್ಲಿ ಕೇಬಲ್ ಕಿತ್ತ ಮೇಲೆ ಸಿಮೆಂಟಿನ ಚಪ್ಪಡಿ ಮುಚ್ಚಿಯೇ ಬಂದಿದ್ದೆವು. ಮಳೆಗಾಲದ ನಂತರ ಹುಲ್ಲು ಕತ್ತರಿಸುವ ಟ್ರ್ಯಾಕ್ಟರಿನ ಗಾಲಿ ಹತ್ತಿ ಚಪ್ಪಡಿ ಬಿರಿದಿರಬೇಕು ಎಂದು ಆಮೇಲೆ ಗೊತ್ತಾಯಿತು. ಅದರ ಒಂದು ತುಂಡು ಮುರಿದು ಒಳಗೆ ಬಿದ್ದಿತ್ತು. ತುಂಡಿನ ಪಕ್ಕದಲ್ಲಿ ಮಹಾದೇವಿ ಗೋಡೆಗೆ ಒರಗಿ ಕುಸಿದಿದ್ದಳು. ತಲೆಯ ಒಂದು ಬದಿ ರಕ್ತದಿಂದ ಅಂಟಿಕೊಂಡಿತ್ತು. ಒಂದು ಕಾಲು ಮಡಚಬಾರದ ಕಡೆಗೆ ಮಡಚಿತ್ತು.

ಯಾದಗಿರಿ ಕ್ಷಣವೂ ಯೋಚಿಸದೆ ಒಳಗಿಳಿದ. ನಾನು ವಾಕಿಟಾಕಿಯಲ್ಲಿ ಟವರಿಗೆ ಹೇಳಿದೆ, ಅಗ್ನಿಶಾಮಕದ ಗಾಡಿಯೂ ಆಂಬುಲೆನ್ಸೂ ಬಂದವು. ಸ್ಟ್ರೆಚರಿನ ಹಲಗೆಗೆ ಕಟ್ಟಿ ಮೇಲೆತ್ತಿದರು. ಎತ್ತುವಾಗ ನಾನು ಅಂಚಿನಲ್ಲಿ ಬಗ್ಗಿ, ಜಾರದ ಹಾಗೆ ಆ ದೀಪದ ಕಂಬವನ್ನೇ ಹಿಡಿದುಕೊಂಡಿದ್ದೆ. ಒಮ್ಮೆ ಕೈ ಮೇಲಕ್ಕೆ ಸರಿದು ಗಾಜಿಗೆ ತಾಗಿತು. ಬೆಚ್ಚಗಿತ್ತು. ಹೀಗೆ ಬರೆಯುವಾಗಲೂ ನನಗೆ ಅನುಮಾನ. ಅಂದು ಚಳಿ ಇತ್ತು, ನನ್ನ ಕೈ ತಣ್ಣಗಾಗಿತ್ತು, ಬಿಸಿಲಿಗೆ ಕಾದ ಗಾಜು ಆರಿರಲಿಕ್ಕಿಲ್ಲ ಎಂದು ಯಾರಾದರೂ ಹೇಳಿದರೆ ನಾನು ವಾದ ಮಾಡುವುದಿಲ್ಲ. ಬೆಚ್ಚಗಿತ್ತು ಎಂದು ಮಾತ್ರ ಹೇಳುತ್ತೇನೆ.

ಮಹಾದೇವಿಯನ್ನು ಕೋಠಿಯ ಕಡೆಯ ಒಂದು ಸರ್ಕಾರಿ ಆಸ್ಪತ್ರೆಗೆ ಸೇರಿಸಿದೆವು. ರಕ್ತ ಬಹಳ ಹೋಗಿದೆ, ಬೆಳಗಿನವರೆಗೆ ಅಲ್ಲೇ ಬಿದ್ದಿದ್ದರೆ ಏನನ್ನೂ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಶರಣಮ್ಮ ಆಸ್ಪತ್ರೆಯ ವರಾಂಡದಲ್ಲಿ ಕೂತು, ಆ ಡಬ್ಬಿಯಲ್ಲಿ ಉಳಿದಿದ್ದ ರೊಟ್ಟಿಯನ್ನು ನನಗೂ ಯಾದಗಿರಿಗೂ ಮುರಿದು ಕೊಟ್ಟಳು. ಬೇಡವೆನ್ನಲಾಗಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿಗೂ ಹೋಗದೆ ನೇರ ಆ ಕಂಬದ ಹತ್ತಿರ ಹೋದೆ. ಯಾದಗಿರಿ ನನಗಿಂತ ಮೊದಲೇ ಅಲ್ಲಿದ್ದ. ಸ್ಪ್ಯಾನರು ಹಿಡಿದುಕೊಂಡು ಕೂತಿದ್ದ, ಆದರೆ ಬಿಚ್ಚಿರಲಿಲ್ಲ. ನನಗಾಗಿ ಕಾಯುತ್ತಿದ್ದನಂತೆ. ಇಬ್ಬರೂ ಸೇರಿ ಬಿಚ್ಚಿದೆವು. ನೀಲಿ ಗಾಜಿನೊಳಗೆ ಧೂಳು. ಬಲ್ಬಿನ ತಂತು ಕಡಿದು ಒಂದು ಕಡೆ ತೂಗುತ್ತಿತ್ತು. ಕಂಬದ ಬುಡದಲ್ಲಿ ತಂತಿ ಸೇರಿಸುವ ಜಾಗದಲ್ಲಿ ಕಣಜದ ಹುಳವೊಂದು ಮಣ್ಣಿನ ಗೂಡು ಕಟ್ಟಿತ್ತು, ಗೂಡು ಒಣಗಿ ಗಟ್ಟಿಯಾಗಿತ್ತು. ಅದರ ಕೆಳಗೆ ಬರಿಯ ಮಣ್ಣು. ಸುತ್ತ ಅಗೆಸಿಯೂ ನೋಡಿದೆವು, ಒಂದು ಗೇಣು ತಂತಿಯೂ ಸಿಗಲಿಲ್ಲ. ಯಾದಗಿರಿ ಎಲ್ಲವನ್ನೂ ಮತ್ತೆ ಜೋಡಿಸಿ, ಕೈ ಒರೆಸಿಕೊಂಡು, ಈ ವಿಷಯ ಮನೆಯಲ್ಲಿ ಹೇಳಬೇಡಿ ಮೇಡಂ, ಕೆಲಸಕ್ಕೆ ಕಳಿಸುವುದಿಲ್ಲ ಎಂದ. ತನ್ನ ಮನೆಯ ಮಾತು ಹೇಳಿದನೋ ನನ್ನ ಮನೆಯದೋ ತಿಳಿಯಲಿಲ್ಲ.

ರನ್‌ವೇ ತಡವಾಗಿ ಒಪ್ಪಿಸಿದ್ದಕ್ಕೆ ವಿವರಣೆ ಕೇಳಿದರು. ಒಬ್ಬ ಕೆಲಸಗಾರ್ತಿ ಗುಂಡಿಗೆ ಬಿದ್ದಿದ್ದಳು, ಹುಡುಕಿ ತೆಗೆದೆವು ಎಂದು ಹೇಳಿದೆ. ಹೇಗೆ ಹುಡುಕಿದಿರಿ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ರನ್‌ವೇಯ ಹತ್ತಿರ ಹೆಂಗಸರಿಗೆ ಶೌಚಕ್ಕೆ ಜಾಗವಿಲ್ಲ, ಅವಳು ಅಷ್ಟು ದೂರದ ಹುಲ್ಲಿಗೆ ಹೋಗಬೇಕಾಗಿ ಬಂದದ್ದೇ ಅದಕ್ಕೆ ಎಂಬುದನ್ನು ಮಾತ್ರ ಜೋರಾಗಿಯೇ ಹೇಳಿದೆ. ಮುಂದಿನ ಕೆಲಸದ ಹೊತ್ತಿಗೆ ಗಾಡಿಯ ಮೇಲೆ ಹೊತ್ತೊಯ್ಯುವ ಶೌಚಾಲಯವೊಂದು ಬಂತು. ಮಲ್ಲಪ್ಪ ಹಳೆಯ ಟ್ಯಾಕ್ಸಿವೇಯ ಗುಂಡಿಗಳನ್ನೆಲ್ಲ ಮಣ್ಣು ತುಂಬಿಸಿ ಮುಚ್ಚಿಸಿದ.

ಟವರಿನಲ್ಲಿದ್ದ ಆತನನ್ನು ಒಮ್ಮೆ ಕ್ಯಾಂಟೀನಿನಲ್ಲಿ ಕಂಡು ಮಾತಾಡಿಸಿದೆ. ದೀಪ ಯಾವಾಗ ಹತ್ತಿತೆಂದು ತಾನು ನೋಡಲಿಲ್ಲ, ಕತ್ತಲಾಗುತ್ತಾ ಬಂದಾಗ ಕಣ್ಣಿಗೆ ಬಿತ್ತು, ನೀಲಿಯೇ, ಅದರಲ್ಲಿ ಸಂಶಯವಿಲ್ಲ ಎಂದ. ಕೇಬಲ್ ಇರಲಿಲ್ಲವೆಂದು ನಾನು ಹೇಳಿದಾಗ ಅವನು ಚಹಾದ ಕಪ್ಪು ಕೆಳಗಿಟ್ಟ. ಬೇರೆ ಮಾತು ತೆಗೆದ.

ಕಾರಣಗಳನ್ನು ನಾನೂ ಹುಡುಕಿದ್ದೇನೆ. ಅಕ್ಕಪಕ್ಕದ ಕೇಬಲಿನಿಂದ ಕರೆಂಟು ಹಾರಿ ಬಂದಿರಬಹುದು ಎಂದರು ಒಬ್ಬರು. ಎಲ್ಲವನ್ನೂ ಆರಿಸಿದ ಮೇಲೂ? ಮತ್ತೆ, ಕಡಿದ ತಂತು ಉರಿಯುವುದು ಹೇಗೆ? ಮಹಾದೇವಿಯ ಸೀರೆಗೆ ಅಂಟಿದ್ದ ಗಾಜಿನ ಪುಡಿ ನಿಮ್ಮ ಜೀಪಿನ ಬೆಳಕಿಗೆ ಹೊಳೆದಿರಬೇಕು ಎಂದರು ಇನ್ನೊಬ್ಬರು. ಬುದ್ಧಿವಂತಿಕೆಯ ಮಾತು. ಆದರೆ ಜೀಪು ಆಗ ಬೇರೆ ದಿಕ್ಕಿಗೆ ಮುಖ ಮಾಡಿತ್ತು, ಆಮೇಲೆ ಅದರ ದೀಪವೂ ಆರಿತ್ತು, ಅವಳು ನೆಲದ ಕೆಳಗಿದ್ದಳು. ನಮ್ಮ ಮೂವರಿಗೂ ಭ್ರಮೆ ಎನ್ನಬಹುದು. ಟವರಿನಲ್ಲಿ ಕೂತವನಿಗೆ ಅದೇ ಜಾಗದಲ್ಲಿ ಅದೇ ಬಣ್ಣದ ಭ್ರಮೆ, ಅದೂ ನಮಗಿಂತ ಮೊದಲು, ಯಾಕಾಗಬೇಕು?

ವಾರ ಕಳೆದ ಮೇಲೆ, ಮಹಾದೇವಿ ಎದ್ದು ಕೂರುವಂತಾಗಿದ್ದಾಳೆಂದು ತಿಳಿದು ಹಣ್ಣು ಕೊಂಡು ಆಸ್ಪತ್ರೆಗೆ ಹೋದೆ. ಕಾಲಿಗೆ ಪ್ಲಾಸ್ಟರ್, ತಲೆಗೆ ಪಟ್ಟಿ. ಶರಣಮ್ಮ ಅವಳ ತಲೆಗೂದಲಿನ ಸಿಕ್ಕು ಬಿಡಿಸುತ್ತಿದ್ದಳು. ಊರಿನಿಂದ ತಮ್ಮ ಬರುತ್ತಾನೆ, ಕಾಚಿಗೂಡದಿಂದ ರೈಲು ಹತ್ತಿಸಿಕೊಂಡು ಹೋಗುತ್ತಾನೆ, ಮಗಳನ್ನು ನೋಡಿ ಬಹಳ ದಿನವಾಯಿತು ಎಂದೆಲ್ಲ ಮಹಾದೇವಿ ಹೇಳಿದಳು. ಬಿದ್ದ ಕೂಡಲೇ ಎಚ್ಚರ ತಪ್ಪಿತಂತೆ. ಎಚ್ಚರವಾದಾಗ ಹೊತ್ತು ಮುಳುಗುತ್ತಿತ್ತಂತೆ. ನಮ್ಮ ಜೀಪಿನ ಸದ್ದು ಕೇಳಿಸಿತು, ಕೂಗಲು ದನಿ ಬರಲಿಲ್ಲ ಎಂದಳು.

ನಾನು ಕೇಳಬೇಕೆಂದು ಬಂದದ್ದು ಒಂದೇ. ಅವಳು ಬಿದ್ದಿದ್ದ ಗುಂಡಿಯ ಬಾಯಿಗೂ ಆ ದೀಪಕ್ಕೂ ನಡುವೆ ಒಂದು ಮೊಳ ಅಂತರವಿರಲಿಲ್ಲ. ಅದು ಉರಿದಾಗ ಗುಂಡಿಯ ಗೋಡೆಯೆಲ್ಲ ನೀಲಿಯಾಗಿರಬೇಕು. ನಿನಗೆ ಅದು ಯಾವಾಗ ಕಂಡಿತು, ಹತ್ತಿದ್ದನ್ನು ನೋಡಿದೆಯಾ ಎಂದು ಕೇಳಿದೆ.

"ಯಾವ ಬೆಳಕ್ರಿ?" ಎಂದಳು.

ಶರಣಮ್ಮನ ಕೈ ನಿಂತಿತು. ಅವಳು ಈವರೆಗೆ ಅದನ್ನು ಹೇಳಿರಲಿಲ್ಲವೆಂದು ಗೊತ್ತಾಯಿತು. ನಾನು ವಿವರಿಸಿ ಹೇಳಿದೆ. ಮಹಾದೇವಿ ತಲೆ ಅಲ್ಲಾಡಿಸಿದಳು.

"ಇಲ್ರಿ ಅಕ್ಕಾರ. ಮೊದಲ ಮ್ಯಾಲ ಸ್ವಲ್ಪ ಬೆಳಕಿನ ಛಾಯಾ ಇತ್ತು, ರನ್‌ವೇದು. ಆಮ್ಯಾಲ ಅದೂ ಹೋತು. ಪೂರಾ ಕತ್ತಲ. ಚುಕ್ಕಿ ಕಾಣಾಕತ್ತಿದ್ವು, ಅವನ್ನೇ ನೋಡಿಕೋತ ಕುಂತಿದ್ದೆ."

ರನ್‌ವೇಯ ದೀಪಗಳು ಆರಿದ್ದು ಅವಳಿಗೆ ತಿಳಿದಿದೆ. ಅಂದರೆ ಆಗ ಅವಳಿಗೆ ಎಚ್ಚರವಿತ್ತು. ಇಡೀ ಮೈದಾನದಲ್ಲಿ ಆ ನೀಲಿ ದೀಪವೊಂದೇ ಉರಿಯುತ್ತಿದ್ದ ಹೊತ್ತು ಅದು. ನಾವು ಜೀಪಿನಿಂದ, ಅವನು ಟವರಿನಿಂದ, ಅಷ್ಟು ದೂರದಿಂದ ಅದನ್ನೇ ನೋಡುತ್ತಿದ್ದೆವು.

ಚೆನ್ನಾಗಿ ನೆನಪು ಮಾಡಿಕೋ ಎಂದು ಮತ್ತೆ ಕೇಳಿದೆ. ನಿನ್ನ ತಲೆಯ ಮೇಲೇ ಇತ್ತಲ್ಲ ಎಂದೆ. ಅವಳಿಗೆ ಸ್ವಲ್ಪ ಬೇಸರವಾಯಿತು. ಗೆರೆ ಸೊಟ್ಟ ಎಂದವಳ ಹಟ ನನಗೆ ಹೊಸದಲ್ಲ. ಆದರೆ ಆಗ ಅವಳ ದನಿಯಲ್ಲಿ ಹಟವಿರಲಿಲ್ಲ.

"ನಾ ಅಲ್ಲೇ ಇದ್ನಲ್ರಿ ಅಕ್ಕಾರ," ಎಂದಳು. "ಇದ್ದಿದ್ರ ನನಗ ಕಾಣತಿರಲಿಲ್ಲೇನ್ರಿ?"